ಹೇಮಾವತಿಯ ಉಪ್ಪಿನಕಾಯಿ ಭರಣಿ

ಮದುವೆ ಅಡುಗೆಯ ಕಾಂತರಾಜ್ ಎಂದರೆ ದಾವಣಗೆರೆಯಲ್ಲಿ ಗೊತ್ತಿಲ್ಲದವರು ಕಡಿಮೆ. ಎರಡು ವರ್ಷದ ಹಿಂದೆ ಜ್ವರ ಬಂದು ಹೋದ ಮೇಲೆ ಅವನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಅದು ಮಾತ್ರ ಮನೆಯವರಿಗೂ ಗೊತ್ತಿರಲಿಲ್ಲ. ಅಳತೆ ನಂಬಿ ಅಡುಗೆ ಮಾಡುತ್ತಿದ್ದ.

ಆ ಶ್ರಾವಣದಲ್ಲಿ ಮದುವೆಯೊಂದನ್ನು ಮಾತಾಡಲು ಸಾಗರಕ್ಕೆ ಹೊರಟವನು ನೇರ ಬಸ್ಸು ತಪ್ಪಿ, ಸುತ್ತುದಾರಿ ಹಿಡಿದು ಹೊಸನಗರದಲ್ಲಿ ಬಸ್ಸು ಬದಲಿಸಲು ಇಳಿದ. ಮುಂದಿನ ಬಸ್ಸಿಗೆ ಒಂದೂವರೆ ಗಂಟೆ. ಆ ಊರಿನ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದಿದ್ದನಷ್ಟೆ. ಹತ್ತು ನಿಮಿಷ ನಡೆಯುವಷ್ಟರಲ್ಲಿ ಪೇಟೆ ಮುಗಿದು, ನಾಲ್ಕು ಮೇಜಿನ ಹೋಟೆಲೊಂದು ಸಿಕ್ಕಿತು.

“ಊಟ ತಡ ಆಗ್ತದೆ. ಕಡುಬು, ಕಳಲೆ ಪಲ್ಯ ಇದೆ, ಕೊಡ್ಲಾ?” ಎಂದಳು ಹೋಟೆಲಿನ ಹೇಮಾವತಿ.

“ಕಳಲೆ ಅಂದ್ರೆ?”

“ಎಳೆ ಬಿದಿರು. ಮೂರು ದಿನ ನೀರು ಬದಲಿಸಿ ನೆನೆಸ್ಬೇಕು.”

ಬಿಸಿ ಕಡುಬು ಮುರಿದು ಪಲ್ಯದ ಜೊತೆ ಬಾಯಿಗಿಟ್ಟ. ಕಳಲೆ ಹಲ್ಲಿಗೆ ಕರುಂ ಎಂದಿತು. ಅಕ್ಕಿಯ ತರಿ ನಾಲಿಗೆ ಮೇಲೆ ಬಿಡಿಬಿಡಿಯಾಯಿತು. ಎಷ್ಟೋ ದಿನದ ಮೇಲೆ ಎರಡನೇ ಸಲ ಬಡಿಸಿಕೊಂಡ. ತರಿ ಎಷ್ಟು ದಪ್ಪ, ಎಷ್ಟು ಹೊತ್ತು ಬೇಯಬೇಕು ಎಂದೆಲ್ಲ ವಿಚಾರಿಸಿದ.

“ನೀವೂ ಅಡುಗೆಯೋರಾ?” ಹೇಮಾವತಿ ಒಳಗಿನಿಂದ ಭರಣಿ ತಂದಳು. “ಮಾವಿನಮಿಡಿ ಉಪ್ಪಿನಕಾಯಿ, ಇವತ್ತೇ ಬಾಯಿ ಬಿಚ್ಚಿದ್ದು. ಯಾಕೋ ಅನುಮಾನ. ಒಂಚೂರು ಮೂಸಿ ಹೇಳಿ.”

ಬಗ್ಗಿದ. ಏನೂ ಇಲ್ಲ. ಚೆನ್ನಾಗಿದೆ ಅಂದುಬಿಡಬಹುದಿತ್ತು, ಊರಲ್ಲಿ ಎಷ್ಟೋ ಸಲ ಹಾಗೇ ಅಂದಿದ್ದ. ಆದರೆ ಮಧ್ಯಾಹ್ನ ಇದನ್ನು ಜನ ತಿನ್ನುತ್ತಾರೆ.

“ನಂಗೆ ವಾಸನೆ ಗೊತ್ತಾಗಲ್ಲಕ್ಕ. ಎರಡು ವರ್ಷ ಆತು.”

ಅವಳು ಅಯ್ಯೋ ಎನ್ನಲಿಲ್ಲ. ತಾನೇ ಮತ್ತೊಮ್ಮೆ ಮೂಸಿದಳು. “ಹಂಗಾದ್ರೆ ನಾನು ಹೇಳ್ತೀನಿ, ನೀವು ಕೇಳಿ. ಮೊದಲು ಸಾಸಿವೆ, ಜೋರಾಗಿ. ಆಮೇಲೆ ಮಿಡಿಯ ಸೊನೆ. ಅದರಡಿ ಇನ್ನೇನೋ ಇದೆ.”

“ಹುಳಿಯಾ, ಮುಗ್ಗಲಾ?”

“ಮುಗ್ಗಲು.”

“ಮೇಲಷ್ಟೇನಾ? ತಳದ್ದೊಂದು ತೆಗೆದು ಮುರೀರಿ.”

ಅವಳು ಸೌಟಿನಿಂದ ತಳದ ಮಿಡಿ ತೆಗೆದಳು. ಮುರಿದರೆ ಮೆತ್ತಗಿತ್ತು. “ಇಲ್ಲೂ ಅದೇ.”

“ಬಡಿಸ್ಬೇಡಿ.”

ತಾನು ಮಾಡಿದ ತೀರ್ಮಾನ ಸರಿ ಎಂದು ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಖಾತ್ರಿಯಾಗಿತ್ತು. ಬಸ್ ನಿಲ್ದಾಣಕ್ಕೆ ಬಂದು ಮಗಳು ಭವ್ಯಾಗೆ ಫೋನು ಮಾಡಿದ. ಅಡುಗೆ ಕೆಲಸಕ್ಕೆ ತಾನೂ ಬರುತ್ತೇನೆಂದು ಅವಳು ಕೇಳಿದಾಗೆಲ್ಲ, ಒಲೆ ಮುಂದೆ ನಿನಗೇನು ಕೆಲಸ ಎಂದು ಗದರಿದ್ದ.

“ಮುಂದಿನ ಮದುವೆಗೆ ನೀನೂ ಬಾರವ್ವ. ವಾಸನೆ ನೋಡಿ ಹೇಳೋಕೆ ಜನ ಬೇಕು. ನಂಗೆ ಮೂಗು ಹೋಗೇತಿ.”



“ಯಾವಾಗಿಂದಪ್ಪಾ?”

ಸಾಗರದ ಬಸ್ಸು ಬಂತು. ಜ್ವರ ಬಂದ ದಿನದಿಂದ ಹಿಡಿದು ಒಂದೊಂದನ್ನೇ ಹೇಳುತ್ತ ಕಾಂತರಾಜ್ ಹತ್ತಿ, ಕಿಟಕಿ ಪಕ್ಕ ಕುಳಿತ.