ಖಾಲಿ ಬಿಟ್ಟ ಜಾಗ

ಹೆಸರು ಹಾಕುವುದಿಲ್ಲ ಎಂದು ರಾಯರು ಮಾತು ಕೊಟ್ಟಿದ್ದರಲ್ಲ? ಹಾಗಾದರೆ ಇದು ಬೇರೆ ದೇಯಿ ಇರಬೇಕು. ಜೆಪ್ಪುವಿನಲ್ಲಿ ದೇಯಿ ಎಂಬವರು ಎಷ್ಟು ಮಂದಿ ಇಲ್ಲ? ಹೆಂಚಿನ ಕಾರ್ಖಾನೆಗೆ ಹೋಗುವ ವಿಧವೆಯೂ ಒಬ್ಬಳೇ ಅಲ್ಲ. ನೋಣಯ್ಯ ಹೀಗೆ ಅಂದುಕೊಳ್ಳುತ್ತಿದ್ದಾಗಲೇ ಅವನ ಬೆರಳುಗಳು ಮನೆಯ ಗುರುತನ್ನೂ ಜೋಡಿಸಿ ಮುಗಿಸಿದ್ದವು. ಹದಿನಾಲ್ಕು ವರ್ಷದ ಅಭ್ಯಾಸ. ಕಣ್ಣು ಕಾಗದದ ಮೇಲೆ, ಕೈ ಅಚ್ಚುಮೊಳೆಯ ಮೇಲೆ. ಅರ್ಥ ಯಾವಾಗಲೂ ಎರಡು ಸಾಲು ಹಿಂದಿನಿಂದ ಬರುತ್ತಿತ್ತು. ಈಗಲೂ ಬಂತು. ಅವನ ತಂಗಿಯೇ.

ಸಂಪಾದಕ ಸರ್ವೋತ್ತಮರಾಯರ ಮೇಜಿನ ಮುಂದೆ ಹೋಗಿ ನಿಂತ.

"ಧಣಿ, ಹೆಸರು ಬೇಡ ಅಂದಿದ್ದೆ."

"ಹೆಸರಿಲ್ಲದ ಸುದ್ದಿ ಯಾರು ನಂಬ್ತಾರೆ ಮಾರಾಯ? ಕಾರ್ಖಾನೆಯ ಮೇನೇಜರ ಅವಳನ್ನು ಹೆಂಚು ಸುಡುವ ಗೂಡಿನ ಹಿಂದೆ ಕೆಡಿಸಿದ್ದು ಸುಳ್ಳಾ?"

"ಸುಳ್ಳಲ್ಲ. ನಾನೇ ಅಲ್ವಾ ಹೇಳಿದ್ದು."

"ಮತ್ತೆ? ನಿನ್ನ ತಂಗಿ ಅಂತ ಬರೀಲಿಲ್ಲ. ಅದಕ್ಕಾದ್ರೂ ಉಪಕಾರ ಸ್ಮರಿಸು."

"ಮೇನೇಜರನ ಹೆಸರು ಎಲ್ಲಿ ಉಂಟು? 'ಒಬ್ಬ ಗಣ್ಯರು' ಅಂತ ಮಾತ್ರ ಉಂಟು."

ರಾಯರು ನಕ್ಕರು. "ಬೇವರ್ಸಿ, ಅವ ಮಾನನಷ್ಟ ಕೇಸು ಹಾಕ್ತಾನೆ. ನಿನ್ನ ದೇಯಿ ಹಾಕ್ತಾಳಾ? ಪತ್ರಿಕಾ ಸ್ವಾತಂತ್ರ್ಯಕ್ಕೆ ಜೈಲಿನ ಗಂಜಿ ಕುಡಿದವ ನಾನು. ಮೊಳೆ ಜೋಡಿಸುವವ ನನಗೆ ಸೆನ್ಸಾರಾ? ಹೋಗು."

ನೋಣಯ್ಯ ಹೋದ. ಪುಟ ಕಟ್ಟಿ ಯಂತ್ರಕ್ಕೆ ಏರಿಸುವ ಮೊದಲು, ಹೆಸರು ಇದ್ದಲ್ಲಿ, ಮನೆಯ ಗುರುತು ಇದ್ದಲ್ಲಿ ಚಿಮಟದಿಂದ ಮೊಳೆ ಕಿತ್ತು, ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಿದ. ಯಂತ್ರ ತಿರುಗಿಸುವ ಚೆನ್ನಪ್ಪ ನೋಡಿದ.

"ಕೆಲಸ ಹೋಗ್ತದೆ ನಿಂದು," ಅಂದ. ಮತ್ತೆ ಚಕ್ರ ತಿರುಗಿಸಿದ.

ಅದು ಯುದ್ಧದ ಕಾಲ. ಸರಕಾರ ಹೊಡೆದುಹಾಕಿದ ಸಾಲುಗಳ ಜಾಗವನ್ನು ಪತ್ರಿಕೆಗಳು ಪ್ರತಿಭಟನೆಗೆಂದು ಖಾಲಿ ಬಿಡುತ್ತಿದ್ದವು. ಇದೂ ಅದೇ ಎಂದು ತಿಳಿದು ಪೇಟೆಯ ವಕೀಲರು, ಮಾಸ್ತರರು ರಾಯರ ಕೈ ಕುಲುಕಲು ಬಂದರು.

"ಕಲೆಕ್ಟರನ ಕೆನ್ನೆಗೆ ಬಾರಿಸಿದ್ರಿ ರಾಯರೇ!"

ರಾಯರು ಎಲ್ಲರಿಗೂ ಕೈಮುಗಿದರು. ಅವರು ಹೋದ ಮೇಲೆ ನೋಣಯ್ಯನ ಕಡೆ ನೋಡದೆಯೇ, "ನಿನ್ನ ಬುತ್ತಿ ತಕ್ಕೊಂಡು ಹೊರಗೆ ನಡಿ," ಎಂದರು.

ಮುಂದಿನ ವಾರ ಪತ್ರಿಕೆಯಲ್ಲಿ ಒಂದು ಚೌಕಟ್ಟು ಬಂತು. 'ಯಾರು ಬಾಯಿ ಕಟ್ಟಿದರೂ ಸತ್ಯ ಅಡಗದು. ಹೋದ ವಾರ ಬಿಟ್ಟುಹೋದ ಹೆಸರು ಇದು.' ಕೆಳಗೆ ದಪ್ಪ ಅಕ್ಷರದಲ್ಲಿ ದೇಯಿ, ಅವಳ ಮನೆಯ ಗುರುತು. ಕಾರ್ಖಾನೆಯ ಮೇಸ್ತ್ರಿ ಅದನ್ನು ಆಳುಗಳ ಎದುರು ಎರಡು ಸಲ ಓದಿದ. ದೇಯಿ ತಲೆಯ ಮೇಲಿನ ಹೆಂಚು ಇಳಿಸದೆ ಕೇಳಿಸಿಕೊಂಡಳು.

ಸಂಜೆ ಅವಳು ಅಣ್ಣನಿಗೆ ಗಂಜಿ ಬಡಿಸಿದಳು.

"ನಿನ್ನ ಬಿಟ್ರೆ ಬಾಗಿಗೆ ಮಾತ್ರ ನಾನು ಹೇಳಿದ್ದು. ಜೊತೆಗೆ ಹೆಂಚು ಹೊರುವವಳು ಅಂತ ನಂಬಿದೆ. ರಂಡೆ, ಅವಳೇ ಪತ್ರಿಕೆಯವರಿಗೆ ಊದಿದ್ದು."

ನೋಣಯ್ಯ ಉಪ್ಪು ಹಾಕಿಕೊಂಡ.

ಬಾಗಿ ಮೂರು ದಿನ ಅಂಗಳಕ್ಕೆ ಬಂದು ಅತ್ತಳು. ದೇಯಿ ಬಾಗಿಲು ತೆರೆಯಲಿಲ್ಲ. ಆಮೇಲೆ ಬಾಗಿ ಬರುವುದನ್ನು ಬಿಟ್ಟಳು.

ಪತ್ರಿಕೆಗೆ ಹೇಳಿದವನು ತಾನು ಎಂದು ನೋಣಯ್ಯ ತಂಗಿಗೆ ಯಾವತ್ತೂ ಹೇಳಲಿಲ್ಲ.