ಪಂಪಿನೊಳಗೆ ಸೇರಿಕೊಂಡವರು

ಮಧುಸೂದನ್ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡದ್ದರಿಂದ ಆ ತಿಂಗಳು ಉಪ್ಪುನೀರಿನ ಮೀನುತೊಟ್ಟಿಯ ಪಂಪು ತೊಳೆಯುವ ಕೆಲಸ ಅವನ ಹೆಂಡತಿ ಚೂಡಾಮಣಿಯ ಪಾಲಿಗೆ ಬಂತು. ಎನ್.ಆರ್. ಕಾಲೋನಿಯ ಅವರ ಮನೆಯ ಹಾಲಿನಲ್ಲಿ ಆ ಗಾಜಿನ ತೊಟ್ಟಿ ಬಂದು ಕೂತು ಎರಡು ವರ್ಷವಾಗಿತ್ತು. ಒಳಗೆ ಸಮುದ್ರದಿಂದ ಬಂದ ಕಲ್ಲುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡಂತಿದ್ದ ಒಂದು ಜೋಡಿ ಮೀನು, ನೀರನ್ನು ಅಲುಗಿಸುತ್ತಲೇ ಇರಲು ಎಡಕ್ಕೊಂದು ಬಲಕ್ಕೊಂದು ಪಂಪು. ಮಧುಸೂದನ್ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಎಡಗಡೆಯ ಪಂಪು ಗೊರಗುಟ್ಟುತ್ತಿತ್ತು. ನೀರಿನ ಸೆಳೆತ ಕುಗ್ಗಿ ಮೀನುಗಳು ಮೇಲೆ ಬಂದು ಉಸಿರಿಗಾಗಿ ಬಾಯಿ ಬಿಡುತ್ತಿದ್ದವು.

"ಮೊದ್ಲು ಪ್ಲಗ್ ತೆಗಿ. ಆಮೇಲೆ ಕೈ ಹಾಕು," ಎಂದ ಮಧುಸೂದನ್, ಕೊರಳಿಗೆ ಕೈ ತೂಗುಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತ.

ಚೂಡಾಮಣಿ ಮನೆಯಲ್ಲೇ ರವಿಕೆ ಹೊಲಿದುಕೊಡುವವಳು. ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿ ದಾರದ ಧೂಳು ತೆಗೆದು ಎಣ್ಣೆ ಬಿಟ್ಟು ಅಭ್ಯಾಸವಿದ್ದ ಕೈ. ಪಂಪಿನ ಮುಚ್ಚಳ ತಿರುಗಿಸಿ ಒಳಗಿದ್ದ ರೆಕ್ಕೆಯ ಚಕ್ರವನ್ನು ಹೊರಗೆಳೆದಳು. ಅದರ ಕಡ್ಡಿಗೆ ಸುಣ್ಣ ಮೆತ್ತಿಕೊಂಡಿತ್ತು.

"ಇದಕ್ಕೆ ವೈರೇ ಇಲ್ವಲ್ರೀ! ಹೇಗೆ ತಿರುಗುತ್ತೆ?"

"ತಿರುಗುತ್ತೆ ಕಣೆ. ವಿನೆಗರ್‌ನಲ್ಲಿ ನೆನೆಸು, ಬ್ರಷ್ ಹಾಕಿ ಉಜ್ಜು, ತೊಳೆದು ವಾಪಸ್ ಹಾಕು. ಅಷ್ಟೇ."

ಅಷ್ಟಕ್ಕೇ ಬಿಡುವವಳಲ್ಲ ಅವಳು. ಚಕ್ರವನ್ನು ತಿರುಗಿಸಿ ನೋಡುತ್ತಿದ್ದಾಗ ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ಟಕ್ಕನೆ ಅದಕ್ಕೆ ಅಂಟಿಕೊಂಡಿತು. "ಅಯಸ್ಕಾಂತ! ಅದಕ್ಕೇ ವೈರು ಬೇಕಿಲ್ಲ, ಪಂಪಿನ ಮೈಯಲ್ಲಿರೋ ಕರೆಂಟೇ ಇದನ್ನ ತಿರುಗಿಸುತ್ತೆ!" ಎಂದು ಕೂಗಿದಳು. ಗಂಡನೂ ಬಗ್ಗಿ ನೋಡಿದ. ಅದನ್ನು ಎಷ್ಟೋ ಸಲ ತೊಳೆದಿದ್ದನೇ ಹೊರತು ಪಿನ್ನು ಹಿಡಿದು ನೋಡಿರಲಿಲ್ಲ.

ಚಕ್ರ ಬಟ್ಟಲಿನ ವಿನೆಗರಿನಲ್ಲಿ ಮುಳುಗಿತು. ಅಡುಗೆಮನೆಯಿಂದ ಬಂದ ಅತ್ತೆ ಲಕ್ಷ್ಮೀದೇವಮ್ಮ, "ಅಯ್ಯೋ, ಉಪ್ಪಿನಕಾಯಿ ಬಟ್ಟಲೇ ಬೇಕಾಗಿತ್ತಾ ನಿಮ್ಗೆ?" ಎಂದು ಗೊಣಗಿ ಅಲ್ಲೇ ನಿಂತರು.

ಚೂಡಾಮಣಿ ಮುಚ್ಚಳವನ್ನೂ ಅದ್ದಬೇಕೆಂದು ಎತ್ತಿದವಳು ಕೈ ತಡೆದು ನೋಡಿದಳು. ಒಳಮೈಗೆ ಶಾವಿಗೆಯಷ್ಟು ಸಣ್ಣ ಬಿಳಿ ಕೊಳವೆಗಳು ಸುತ್ತಿಸುತ್ತಿ ಅಂಟಿಕೊಂಡಿದ್ದವು.

"ಅದೂ ಸುಣ್ಣಾನೇ. ಪ್ರತಿ ಸಲ ಇರುತ್ತೆ. ಹಾಕು," ಎಂದ ಮಧುಸೂದನ್.

"ಸುಣ್ಣ ಇಷ್ಟು ನೀಟಾಗಿ ಕೊಳವೆ ಮಾಡ್ಕೊಳುತ್ತಾ? ತಾಳಿ ಸ್ವಲ್ಪ."

ಗಾಜಿನ ಲೋಟಕ್ಕೆ ತೊಟ್ಟಿಯ ನೀರನ್ನೇ ತುಂಬಿ ಮುಚ್ಚಳವನ್ನು ಅದರೊಳಗೆ ಬಿಟ್ಟು ಕಿಟಕಿಯ ಬಳಿ ಇಟ್ಟಳು. ಮೂವರೂ ನೋಡುತ್ತ ಕೂತರು. ಏನೂ ಆಗಲಿಲ್ಲ. ಮಧುಸೂದನ್ ಆಕಳಿಸಿದ. ಅತ್ತೆ ಹೋಗಿ ಪಂಚಾಂಗ ಓದುವ ಭೂತಗನ್ನಡಿ ತಂದರು.

ಒಂದು ಕೊಳವೆಯ ತುದಿಯಿಂದ ಕೆಂಪು ಚುಕ್ಕೆಯೊಂದು ಇಣುಕಿತು. ಮೆಲ್ಲಗೆ ಹೊರಬಂದು ಪುಟ್ಟ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ಅದರ ಪಕ್ಕ ಇನ್ನೊಂದು.

"ಶಿವನೇ, ಜೀವ ಇದೆ ಕಣೇ!" ಎಂದರು ಲಕ್ಷ್ಮೀದೇವಮ್ಮ. ದನಿ ಕೇಳಿತೋ, ನೆರಳು ಬಿತ್ತೋ, ಎರಡೂ ಸರ್ರನೆ ಒಳಗೆ ಹೋದವು.

ಮಧುಸೂದನನ ಮುಖ ಪೆಚ್ಚಾಯಿತು. "ಇಷ್ಟು ದಿನಾನೂ ಇವನ್ನೇ ಉಜ್ಜಿ ಹಾಕ್ತಿದ್ನಾ ನಾನು? ಕಲ್ಲಿನ ಜೊತೆ ಬಂದಿರ್ಬೇಕು. ಎಂಥ ಹುಳವೋ..."

ಹಾಗೆಂದು ಬಿಟ್ಟುಬಿಡುವಂತೆಯೂ ಇರಲಿಲ್ಲ. ಮುಚ್ಚಳ ಕಟ್ಟಿಕೊಂಡರೆ ನೀರು ಓಡುವುದಿಲ್ಲ, ಮೀನು ಉಳಿಯುವುದಿಲ್ಲ. ಚೂಡಾಮಣಿ ಹೊಲಿಗೆ ಬಿಚ್ಚುವ ಬ್ಲೇಡು ತಂದು ಒಂದೊಂದೇ ಕೊಳವೆಯ ಬುಡ ಬಿಡಿಸತೊಡಗಿದಳು. ಮೊದಲನೆಯದು ಪುಡಿಯಾಯಿತು. ಅವಳು "ಛೆ" ಎಂದು ಉಸಿರು ಹಿಡಿದು ಮುಂದಿನದಕ್ಕೆ ಕೈಯಿಟ್ಟಳು. ಕೆಲವು ಮುರಿದವು, ಕೆಲವು ಇಡಿಯಾಗಿ ಬಂದವು. ಅವನ್ನು ತೊಟ್ಟಿಯ ಕಲ್ಲಿನ ಸಂದಿಗಳಲ್ಲಿ ಸಿಕ್ಕಿಸಿದಳು.

ವಿನೆಗರಿನ ವಾಸನೆ ಹೋಗುವವರೆಗೂ ಚಕ್ರ ತೊಳೆದು, ಪಂಪು ಜೋಡಿಸಿ, ಸ್ವಿಚ್ ಹಾಕಿದಾಗ ಗೊರಗೊರ ಸದ್ದು ಇರಲಿಲ್ಲ. ನೀರು ನುಗ್ಗಿತು. ಮೀನುಗಳು ಕೆಳಗಿಳಿದು ಸೆಳೆತಕ್ಕೆ ಎದೆಯೊಡ್ಡಿ ಈಜತೊಡಗಿದವು. ಕಲ್ಲಿನ ಸಂದಿಯಲ್ಲಿ ಇನ್ನೂ ಯಾವ ಬೀಸಣಿಗೆಯೂ ಬಿಚ್ಚಿರಲಿಲ್ಲ.

"ಬದುಕ್ತಾವಾ?" ಕೇಳಿದ ಮಧುಸೂದನ್.

"ನಾಳೆ ಗೊತ್ತಾಗುತ್ತೆ." ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು ಬಲಗಡೆಗೆ ಸರಿದಿದ್ದಳು. "ಈ ಪಂಪಿನೊಳಗೆ ಏನಿದೆಯೋ ನೋಡೋಣ. ಪ್ಲಗ್ ತೆಗೀರಿ."

ಅವನು ಎಡಗೈಯಲ್ಲೇ ತೆಗೆದ.