ಸೆಳೆವಗಳು ಇಳಿಯುವ ಹೊತ್ತು

ಅಂಜನಪ್ಪ ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದಾಗ ಪುರೋಹಿತರು ಬಾಗಿಲಲ್ಲಿ ನಿಂತು ಕೇಳಿದರು.

“ಜೊತೇಲಿದ್ದೋರು ನೀವೇ ತಾನೆ? ಪ್ರಾಣ ಹೋಗಿದ್ದು ಹೊತ್ತು ಮುಳುಗೋಕೆ ಮುಂಚೆಯೋ, ಆಮೇಲೋ?”

“ಯಾಕೆ ಸ್ವಾಮಿ?”

“ಹೊತ್ತು ಮುಳುಗುತ್ಲೂ ನಕ್ಷತ್ರ ಬದಲಾಗಿದೆ. ಆಮೇಲಾದ್ರೆ ಧನಿಷ್ಠಾ ಪಂಚಕದ ದೋಷ. ಆರು ತಿಂಗಳು ಮನೆಗೆ ಬೀಗ ಹಾಕ್ಬೇಕು. ಇಲ್ದಿದ್ರೆ ಇದೇ ಮನೇಲಿ ಇನ್ನೊಂದು ಸಾವು.”

ಸತ್ತ ವಾದಿರಾಜರಾಯರ ಭಾವಮೈದುನ ಬದರೀನಾರಾಯಣ ಗೊಣಗಿದ. “ಭಾವ ಹೋಗಿದ್ದು ಹೆಸರಘಟ್ಟದ ಬಯಲಲ್ಲಿ. ಪಂಚಕ ಹಿಡಿಯೋದಾದ್ರೆ ಆ ಹುಲ್ಲಿಗೆ ಹಿಡೀಲಿ.”

“ದೇಹ ಇಲ್ಲಿಗೇ ತಂದ್ರಲ್ಲಪ್ಪ.”

ತಲೆದೆಸೆಯಲ್ಲಿ ಕೂತಿದ್ದ ರಾಯರ ಹೆಂಡತಿ ಮೈತ್ರೇಯಿ ಕತ್ತೆತ್ತಿ ಅಂಜನಪ್ಪನನ್ನು ನೋಡಿದಳು. ಒಳಕೋಣೆಯಲ್ಲಿ ಲಕ್ವ ಹೊಡೆದು ಮಲಗಿದ ಅತ್ತೆ. ಮಗ್ಗುಲು ಬದಲಿಸಲಿಕ್ಕೂ ಇಬ್ಬರು ಬೇಕಾದ ಆ ಜೀವವನ್ನು ಎತ್ತಿಕೊಂಡು ಅವಳು ಯಾರ ಮನೆ ಬಾಗಿಲಿಗೆ ಹೋದಾಳು?

ಅಂಜನಪ್ಪ ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಬಿಗಿದ. ಪಂಚಕವನ್ನು ನಕ್ಕು ತಳ್ಳಿಹಾಕುವಷ್ಟು ಧೈರ್ಯ ಗಾಂಧಿಬಜಾರಿನ ಈ ತರಕಾರಿ ವ್ಯಾಪಾರಿಗೆ ಎಂದೂ ಇರಲಿಲ್ಲ.

*

ಹಿಂದಿನ ಸಂಜೆ ರಾಯರ ಸ್ಕೂಟರಿನಲ್ಲಿ ಇಬ್ಬರೂ ಬಯಲಿಗೆ ಹೋಗಿದ್ದರು. ಬ್ಯಾಂಕಿನ ಗುಮಾಸ್ತಿಕೆಯ ಆಚೆ ರಾಯರಿಗಿದ್ದ ಹುಚ್ಚು ಹಕ್ಕಿ ನೋಡುವುದೊಂದೇ. ಚಳಿಗಾಲ ಕಳೆಯಲು ಬಂದ ಸೆಳೆವಗಳೆಂಬ ಬೇಟೆಹಕ್ಕಿಗಳು ಮಾರ್ಚಿನಲ್ಲಿ ಉತ್ತರಕ್ಕೆ ಹೊರಡುತ್ತವೆ. ಹೊರಡುವತನಕ ಸಂಜೆಯಾದರೆ ಅದೇ ಹುಲ್ಲಿಗಿಳಿದು ಮಲಗುತ್ತವೆ.

“ನಾಳೆ ಬಂದ್ರೆ ಬಯಲು ಖಾಲಿ ಕಣಯ್ಯ,” ಎಂದರು ರಾಯರು, ದಿಬ್ಬಕ್ಕೊರಗಿ.

“ಹೇಳಿ ಹೋಗೋ ಪದ್ಧತಿ ಇಲ್ವಾ ಇವಕ್ಕೆ?”

“ನಿನ್ನ ಗಿರಾಕಿಗಳು ಹೇಳಿ ಹೋಗ್ತಾರಾ?”

“ಹೇಳ್ತಾರೆ ರಾಯ್ರೆ. ಬದನೇಕಾಯಿ ಬಾಡಿದೆ ಅಂತ.”

ರಾಯರು ನಕ್ಕರು. ಅಷ್ಟು ಮಾತ್ರ ಖಂಡಿತ. ಆಮೇಲೆ ಅಂಜನಪ್ಪನ ಕಣ್ಣು ಬಯಲ ಮೇಲೇ ಇತ್ತು. ಹಕ್ಕಿಗಳು ಒಂದೊಂದಾಗಿ ಬಂದು, ಹುಲ್ಲಿನ ಮೇಲೆ ತೇಲಿ, ನೀರಿಗೆ ಬಿದ್ದ ಕಲ್ಲಿನಂತೆ ಕಾಣೆಯಾದವು. “ಅಗೋ, ಇನ್ನೊಂದು ಇಳೀತು,” ಎಂದ ಅಂಜನಪ್ಪ. ಪಕ್ಕದಲ್ಲಿ ಹೂಂಗುಟ್ಟಿದಂತಾಯಿತು. ರಾಯರೋ, ಹುಲ್ಲಿನೊಳಗಿನ ಗಾಳಿಯೋ. ಕತ್ತಲು ಕವಿದ ಮೇಲೆ, ಹೊರಡೋಣವೆಂದು ಭುಜ ಮುಟ್ಟಿದರೆ ತಲೆ ವಾಲಿತು.

*

ಅಂಜನಪ್ಪನ ಉತ್ತರಕ್ಕೆ ಎಲ್ಲರೂ ಕಾಯುತ್ತಿದ್ದರು. ಗೊತ್ತಿಲ್ಲವೆಂದರೆ ಬೀಗ. ಹೇಳಿದ್ದು ಸುಳ್ಳಾದರೆ, ಮುಂದಿನ ಹೆಣ ಯಾರದು?

“ಮುಂಚೇನೇ ಸ್ವಾಮಿ. ಇನ್ನೂ ಬೆಳಕಿತ್ತು.”

“ಖಚಿತವಾ?”

“ಪಕ್ಕದಲ್ಲೇ ಕೂತಿದ್ದೆ.”

ಪುರೋಹಿತರು ತಲೆದೂಗಿದರು. “ಸರಿ, ದೋಷ ಇಲ್ಲ. ಎತ್ತಿ.”

ಚಾಮರಾಜಪೇಟೆಯ ಸ್ಮಶಾನದಿಂದ ಅವರು ಮರಳಿದಾಗ ನೆಲ ತೊಳೆದಾಗಿತ್ತು. ತಲೆಯಿದ್ದ ಜಾಗದಲ್ಲಿ ದೀಪ ಹಚ್ಚಿದ್ದರು. ಹೆಣ ಹೊತ್ತವರು ಅದನ್ನು ನೋಡಿ ಹೋಗಬೇಕು. ಹೆಣ ಹೊರಟಾಗ ಹೊರಬಂದ ಮೈತ್ರೇಯಿ ಮಾತ್ರ ಒಳಗೆ ಕಾಲಿಡಲು ಅಂಜಿ ಇನ್ನೂ ಜಗಲಿಯ ಮೇಲೇ ಇದ್ದಳು. ಒಳಗೆ ಅತ್ತೆ ನೀರು ಕೇಳುತ್ತಿದ್ದರು.

“ನಿಜ ಹೇಳಿದ್ರಾ, ಅಂಜನಪ್ನೋರೆ?” ಅವಳ ದನಿ ಅವನಿಗಷ್ಟೇ ಕೇಳಿಸಿತು.

“ಹೋಗಿ ತಾಯಿ. ಅಮ್ಮೋರು ಕರೀತಿದಾರೆ.”

“ದೋಷ ಇಲ್ಲ ಅನ್ನೋದಾದ್ರೆ ನೀವು ಮೊದ್ಲು ಹೋಗಿ.”

ಅಂಜನಪ್ಪ ಹೊಸಿಲು ದಾಟಿದ. ಒದ್ದೆ ನೆಲ ಅಂಗಾಲಿಗೆ ಮಂಜಿನಂತೆ ತಾಕಿತು. ದೀಪದ ಎದುರು ನಿಂತು, ರೆಪ್ಪೆ ಮಿಟುಕಿಸದೆ ಕುಡಿಯನ್ನೇ ನೋಡುತ್ತ, ಹಿಂದೆ ಮೈತ್ರೇಯಿಯ ಹೆಜ್ಜೆಯ ಸದ್ದಾದೀತೆಂದು ಕಿವಿಗೊಟ್ಟ.